ಹರಿವಾಸರದ ಹಸಿವು

ಸುಂದರಾಬಾಯಿಯವರು ತೀರಿಕೊಂಡ ಸುದ್ದಿ ದ್ವಾದಶಿಯ ಮಧ್ಯಾಹ್ನ ಬೆಳಗಾವಿಯ ಆಸ್ಪತ್ರೆಯಲ್ಲಿ ತಿಳಿಯಿತು. ಅದನ್ನು ಮಗಳು ಮೃಣಾಲಿನಿಗೆ ಹೇಳಲು ಬಂದವನು, ತಿಂಗಳ ಹಿಂದೆ ಅವಳೇ ಮನೆಯಿಂದ ಹೊರಗೆ ಕಳಿಸಿದ್ದ ಭಾರ್ಗವ.

“ಕಾಕು ಹೋದ್ರು,” ಎಂದ.

ಅವಳು ಅಳಲಿಲ್ಲ. “ಏನಾಗಿತ್ತಂತ ಅವ್ವಗ? ಈಗರೆ ಗೊತ್ತಾತೇನು?”

ಎರಡು ವರ್ಷದಿಂದ ಆ ಮನೆಯವರು ಕೇಳುತ್ತಲೇ ಬಂದ ಪ್ರಶ್ನೆ ಅದು.

“ಗೊತ್ತಾತು. ಇಲ್ಲೆ ಹೊಟ್ಟಿ ಸ್ಕ್ಯಾನ್ ಮಾಡಿದಾಗ ಕಂಡ್ತು. ಮೇದೋಜೀರಕ ಗ್ರಂಥಿಯೊಳಗ ಕಡಲಿಕಾಳಿನಷ್ಟು ಗಂಟು. ಅದು ರಕ್ತದಾಗಿನ ಸಕ್ಕರಿ ಇಳಸ್ತಿತ್ತು. ಹೊಟ್ಟಿ ಖಾಲಿ ಇದ್ದಾಗ ಫಿಟ್ಸ್ ಬಂದಂಗ ಆಗ್ತಿತ್ತು.”

“ಆಪರೇಷನ್ ಮಾಡ್ಸಿದ್ರ...?”

“ಉಳೀತಿದ್ರು.”

ಸುಳ್ಳು ಹೇಳಬಹುದಿತ್ತು... ಅವನು ಹೇಳಲಿಲ್ಲ.

ಕಿತ್ತೂರಿನ ಪಾಂಡುರಂಗಾಚಾರ್ಯರ ಮನೆಯಲ್ಲಿ ಆ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಎರಡು ವರ್ಷದ ಹಿಂದೆ, ಒಂದು ಬೆಳಗಿನ ಪೂಜೆಯ ಹೊತ್ತಿಗೆ. ರಂಗೋಲಿ ಹಾಕುತ್ತಿದ್ದ ಹೆಂಡತಿ ಸುಂದರಾಬಾಯಿ ಬೆವತು, ಏನೇನೋ ಬಡಬಡಿಸಿ, ಕೈಕಾಲು ಸೆಟೆದು ಬಿದ್ದರು. ಆಚಾರ್ಯರು ದೇವರ ಪಂಚಾಮೃತವನ್ನು ಬಾಯಿಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಆಕೆ ಎದ್ದು ಕುಳಿತರು.

ಮುಂದೆ ಪ್ರತಿ ಸಲವೂ ಹೀಗೇ. ತಲೆಯ ಸ್ಕ್ಯಾನಿಂಗ್ ಮಾಡಿಸಿದರು, ಏನೂ ಸಿಗಲಿಲ್ಲ. ಫಿಟ್ಸಿನ ಗುಳಿಗೆ ನುಂಗಿಸಿದರು, ನಿಲ್ಲಲಿಲ್ಲ. ಎಬ್ಬಿಸುವವನು ದೇವರೊಬ್ಬನೇ ಎಂಬ ನಂಬಿಕೆ ಬಲಿಯಿತು. ಅವನನ್ನು ಒಲಿಸಲು ತಾಯಿಗೆ ಗುರುವಾರದ ಉಪವಾಸ ಹಿಡಿಸಿದವಳು ಮೃಣಾಲಿನಿ. ಬೀಳುವುದು ಹೆಚ್ಚಾಯಿತು. ಅದಕ್ಕೆಂದು ಶನಿವಾರವೂ ಸೇರಿತು.

ಬೈಲಹೊಂಗಲದಲ್ಲಿ ರಕ್ತ ಪರೀಕ್ಷೆಯ ಲ್ಯಾಬು ಇಟ್ಟಿದ್ದ ಭಾರ್ಗವನಿಗೂ ಮೃಣಾಲಿನಿಗೂ ಲಗ್ನ ಗೊತ್ತಾಗಿತ್ತು. ಒಮ್ಮೆ ಅವನ ಕಣ್ಣೆದುರೇ ಸುಂದರಾಬಾಯಿ ಬಿದ್ದು ಎದ್ದರು.

“ಕಾಕಾ, ಪಂಚಾಮೃತದಾಗ ಸಕ್ಕರಿ, ಜೇನುತುಪ್ಪ ಇರ್ತದ. ಇನ್ನೊಮ್ಮೆ ಬಿದ್ದಾಗ ಅದನ್ನ ಕೊಡೂಕಿಂತ ಮೊದಲ ಒಂದು ಹನಿ ರಕ್ತ ನೋಡೋಣ್ರಿ. ಅಲ್ಲೀತನ ಉಪವಾಸ ಬಿಡಸ್ರಿ.”

ಆಚಾರ್ಯರು ನಕ್ಕರು. “ನಮ್ಮ ಅಳಿಯಂದ್ರು ದೇವರಿಗೂ ಸೂಜಿ ಚುಚ್ಚಿ ನೋಡಾವ್ರು.”

ಮೃಣಾಲಿನಿ ನಗಲಿಲ್ಲ. “ಲ್ಯಾಬಿನ ಬುದ್ಧಿ ಲ್ಯಾಬಿನಾಗ ಇಟ್ಟು ಬರ್ರಿ. ಇಲ್ಲಾಂದ್ರ ಬರಬ್ಯಾಡ್ರಿ.”

“ನೀ ಕರಿಯೋತನ ಬರಂಗಿಲ್ಲ.”

ಅವಳು ಕರೆಯಲಿಲ್ಲ. ತಾನಾಗಿ ಬಂದಾನೇ ಎಂದು ದಿನವೂ ಬಾಗಿಲು ನೋಡಿದಳು, ಅಷ್ಟೇ.

ಆಷಾಢದ ಏಕಾದಶಿಗೆ, ಹರಿವಾಸರವೆಂದು, ಅವಳು ತಾಯಿಯಿಂದ ಕಠಿಣ ಸಂಕಲ್ಪ ಮಾಡಿಸಿದಳು. ಹಣ್ಣಿಲ್ಲ, ಹಾಲಿಲ್ಲ. ಆ ದಿನ ಪಂಚಾಮೃತವೂ ಬಾಯಿಗೆ ಹೋಗುವಂತಿಲ್ಲ. ಮರುದಿನ ಬೆಳಿಗ್ಗೆ ಸುಂದರಾಬಾಯಿಗೆ ಎಚ್ಚರವೇ ಆಗಲಿಲ್ಲ; ಬಾಯಿಗೆ ಬಿಟ್ಟ ಪಂಚಾಮೃತ ಒಳಗೆ ಇಳಿಯಲಿಲ್ಲ. ಗಾಬರಿಗೊಂಡ ಆಚಾರ್ಯರು ಭಾರ್ಗವನಿಗೆ ಫೋನು ಮಾಡಿದರು. ಅವನು ಧಾವಿಸಿ ಬಂದು ಬೆರಳು ಚುಚ್ಚಿದಾಗ, ಎಪ್ಪತ್ತರ ಮೇಲಿರಬೇಕಾದ ರಕ್ತದ ಸಕ್ಕರೆ ಇಪ್ಪತ್ತೆರಡಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಗ್ಲುಕೋಸು ಏರಿಸಿದರೂ ಆ ಜೀವ ಮತ್ತೆ ಕಣ್ಣು ತೆರೆಯಲಿಲ್ಲ.

ಹದಿಮೂರನೆಯ ದಿನ, ಪಂಕ್ತಿಯೆಲ್ಲ ಎದ್ದ ಮೇಲೆ, ಮೃಣಾಲಿನಿ ಭಾರ್ಗವನನ್ನು ಹಿತ್ತಲಿಗೆ ಕರೆದಳು. ಅವಳು ಇನ್ನೂ ಉಂಡಿರಲಿಲ್ಲ.

“ಒಂದು ಮಾತು ಯಾರಿಗೂ ಹೇಳಿಲ್ಲ. ಏಕಾದಶಿ ಸಂಜೀಗೆ ಅವ್ವ ಒಂದು ಚೂರು ಬೆಲ್ಲ ಕೇಳಿದ್ಲು. ಸಣ್ಣ ಹುಡುಗರಂಗ ಕೈ ಚಾಚಿದ್ಲು. ‘ಮುಂಜಾನಿತನ ತಡಿಯಾಕ ಆಗಂಗಿಲ್ಲೇನು? ಏನಿದು ಹೊಟ್ಟಿಬಾಕತನ’ ಅಂದೆ. ಡಬ್ಬಿ ಮ್ಯಾಲಿಟ್ಟೆ...”

ಭಾರ್ಗವ ತಾನು ಮುಚ್ಚಿಟ್ಟಿದ್ದನ್ನೂ ಹೇಳಿದ.

“ಅವತ್ತ ರಾತ್ರಿ ಕಾಕು ನನಗ ಫೋನ್ ಮಾಡಿದ್ರು. ‘ಕೈ ನಡಗಲಿಕ್ಹತ್ಯಾವ, ನಿನ್ನ ಮಷೀನ ತಗೊಂಡು ಬಾರಪ್ಪಾ’ ಅಂದ್ರು. ‘ಮೃಣಾಲಿನಿ ಕರದ್ರ ಬರ್ತೀನಿ’ ಅಂದೆ. ನೀ ಸೋತು ಕರೀಬೇಕು ಅನ್ನೋ ಹಟ ಇತ್ತು ನನಗ.”

ಅವಳ ಎದೆಯಲ್ಲಿ ದ್ವೇಷ ಭುಗಿಲೆದ್ದಿತು. ಆದರೆ ಅದನ್ನು ಅವನ ಮೇಲೆ ಹಾಕಲು ತನಗೇನು ಹಕ್ಕು?

“ಹಂಗಾರ ಇಬ್ಬರೂ ಕೂಡೇ ಕೊಂದ್ವಿ.”

“ಹೂಂ.”

ಅವನು ಸಮಾಧಾನದ ಮಾತಾಡಿದ್ದರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಆಡಲಿಲ್ಲವೆಂದೇ ನಿಂತಳು.

“ನನ್ನ ಮಾರಿ ನೋಡಿದಾಗೊಮ್ಮೆ ಇದು ನೆನಪಾಗ್ತದ ನಿಮಗ. ಆದ್ರೂ ಲಗ್ನ ಆಗ್ತೀರೇನು?”

“ಬ್ಯಾರೆಯವರ ಜೋಡಿ ಆದ್ರ ಜೀವನಪೂರ್ತಿ ಇದನ್ನ ಮುಚ್ಚಿಡಬೇಕು. ನಿನ್ನ ಮುಂದ ಮುಚ್ಚಿಡೋದು ಬ್ಯಾಡ.” ಅವನ ದನಿ ಇಳಿಯಿತು. “ಮತ್ತ... ನಿನ್ನ ಬಿಟ್ಟು ಇರಲಿಕ್ಕೆ ಆಗಂಗಿಲ್ಲ ನನಗ. ನಡಿ, ಉಣ್ಣು.”

ಹದಿಮೂರು ದಿನಗಳಲ್ಲಿ ಮೊದಲ ಸಲ ಅವಳು ಅತ್ತಳು. ಅವನು ಮುಟ್ಟಲಿಲ್ಲ, ದೂರವೂ ಸರಿಯಲಿಲ್ಲ.

ಒಳಗೆ ಅವನೇ ಎಲೆ ಹಾಕಿ ಅನ್ನ ಬಡಿಸಿ ಎದುರಿಗೆ ಕುಳಿತ. ತುತ್ತು ಎತ್ತುವ ಮೊದಲು ಅವಳು ಕೈ ಜೋಡಿಸಿದಳು.

“ವಿಠ್ಠಲಾ, ನಮ್ಮನ್ನ ಕ್ಷಮಿಸಂತ ಕೇಳಂಗಿಲ್ಲ. ನಮ್ಮವ್ವನ ಆತ್ಮಕ್ಕ ಶಾಂತಿ ಕೊಡು. ಅಕಿಗೆ ಹಸಿವಿ ಆದ್ರ ವ್ಯಾಳ್ಯಾ ನೋಡಬ್ಯಾಡ, ತಿಥಿ ನೋಡಬ್ಯಾಡ... ಕೇಳಿದ್ದು ಕೊಡು.”