ಹೊಟ್ಟಿ ತಿಕ್ಕಬ್ಯಾಡ್ರಿ

ಕಲಘಟಗಿ ಆಚೆಯ ಕಾಡಿನ ಕಮರಿಯಿಂದ ದಾಕ್ಷಾಯಿಣಿಯನ್ನು ಅಲುಗಾಡಿಸದೆ ಹುಬ್ಬಳ್ಳಿಗೆ ತಲುಪಿಸಬೇಕಿತ್ತು. ತೊರೆಯ ಮೂಲ ಹುಡುಕುವ ಆಸೆ, ಅವಳು ಬಂಡೆಯಿಂದ ಜಾರಿಬಿದ್ದಾಗಲೇ ಮುಗಿದಿತ್ತು.

ಬಲಪಕ್ಕೆ ಕಲ್ಲಿಗೆ ಬಡಿದಿತ್ತು. ನೋಯುತ್ತಿದ್ದದ್ದು ಮಾತ್ರ ಬಲ ಹೆಗಲು, ಆಮೇಲೆ ಹೊಟ್ಟೆ.

"ಬಟ್ಟಿ ಸರದೈತಿ. ಎಣ್ಣಿ ಹಚ್ಚಿ ತಿಕ್ಕ, ಉಡಚವ್ವ," ಎಂದಳು ದಾಕ್ಷಾಯಿಣಿ. ಹೊಕ್ಕುಳ ಜಾಗ ತಪ್ಪಿತೆಂದು ಅವರ ಮನೆಯಲ್ಲಿ ಎಲ್ಲ ಹೊಟ್ಟೆನೋವಿಗೂ ಅದೇ ಮದ್ದು. ಅಡುಗೆಗೆಂದು ಜೊತೆಗೆ ಬಂದಿದ್ದ ಉಡಚವ್ವ ಆಗಲೇ ಅಂಗೈಗೆ ಎಣ್ಣೆ ಸುರಿದುಕೊಂಡಿದ್ದಳು.

ಸುಕನ್ಯಾ ಆ ಕೈ ಹಿಡಿದಳು. "ತಿಕ್ಕಬ್ಯಾಡ್ರಿ. ಹೆಗಲಿಗೆ ಪೆಟ್ಟ ಬಿದ್ದಿಲ್ಲ, ಆದ್ರೂ ನೋಯಾಕತ್ತೈತಿ. ಒಳಗ ಲಿವರ್ ಹರಿದು ರಕ್ತ ಸೋರಾಕತ್ತಿರಬೇಕು, ಅದರ ನೋವು ಹೆಗಲಿಗೆ ಬರತೈತಿ."

"ಡಾಕ್ಟರಮ್ಮಗ ಕೊಯ್ಯಾಕ ಇನ್ನೊಂದು ಹೊಟ್ಟಿ ಸಿಕ್ತು." ದಾಕ್ಷಾಯಿಣಿಯ ತುಟಿ ಬಿಳಿಚಿತ್ತು. "ನಮ್ಮವ್ವನ್ನ ಕಳಿಸಿದ್ದು ಸಾಲಲಿಲ್ಲೇನು?"

ಸುಕನ್ಯಾ ಅವಳ ಅಣ್ಣನ ಹೆಂಡತಿ, ಸರ್ಜನ್. ಅತ್ತೆಗೆ ಆಪರೇಶನ್ ಮಾಡಿಸೋಣ ಎಂದವಳು ಅವಳೇ. ಅತ್ತೆ ಮೇಜಿನಿಂದ ಏಳಲಿಲ್ಲ. ಅಂದಿನಿಂದ ದಾಕ್ಷಾಯಿಣಿ ಅವಳನ್ನು ವೈನಿ ಎಂದು ಕರೆದಿರಲಿಲ್ಲ.

ದಾಕ್ಷಾಯಿಣಿಯ ನಾಡಿ ಓಡುತ್ತಿತ್ತು. ಅಂಗೈ ತಣ್ಣಗಿತ್ತು.

ದಾರಿ ತೋರಿಸಲು ಬಂದಿದ್ದ ಫಕೀರೇಶ ಎರಡು ಬಿದಿರು ಕಡಿದ. ನಡುವೆ ಕಂಬಳಿ ಬಿಗಿದು ಅವಳನ್ನು ಮಲಗಿಸಿದರು.

ಏರುವಾಗ ಬೆರಗಿನಿಂದ ನೋಡಿದ್ದ ಕಾಡು ಇಳಿಯುವಾಗ ಹಗೆಯಂತೆ ಎದುರು ನಿಂತಿತು. ಮುಳ್ಳಿನ ಪೊದೆ ಸೀರೆ ಜಗ್ಗಿತು, ಜಿಗಣೆಗಳು ಪಾದಕ್ಕೆ ಅಂಟಿದವು, ಒಣಗಿದ ಬಿದಿರೆಲೆಯ ಕೆಳಗೆ ಕಲ್ಲು ಎಲ್ಲಿದೆ, ಹೊಂಡ ಎಲ್ಲಿದೆ ತಿಳಿಯುತ್ತಿರಲಿಲ್ಲ.

"ನೀರು ಕೊಡ್ರಿ."

"ಈಗ ಕೊಡಂಗಿಲ್ಲ. ಆಪರೇಶನ್ ಬೇಕಾದ್ರ ಹೊಟ್ಟಿ ಖಾಲಿ ಇರಬೇಕು."

"ನೀರೂ ಇಲ್ಲ. ಖರೇನ ಕೊಲ್ಲಾಕತ್ತಾಳ."

ತೊರೆ ದಾಟುವಾಗ ಉಡಚವ್ವನ ಕಾಲು ಜಾರಿತು. ಬಿದಿರು ವಾಲಿತು.

ಸುಕನ್ಯಾ ಎದೆಮಟ್ಟದ ನೀರಿಗೆ ಇಳಿದು ಹೆಗಲು ಕೊಟ್ಟಳು. ಬಿದಿರಿನ ಗಳ ಹೆಗಲ ಚರ್ಮ ಸುಲಿಯಿತು. ನನ್ನ ಊಹೆ ಸುಳ್ಳಾಗಲಿ ಎಂದುಕೊಂಡಳು. ನಿಜವಾದರೆ ಮತ್ತೆ ಕತ್ತಿ, ಮತ್ತೆ ಅದೇ ಮೇಜು.

ಊಹೆ ಸುಳ್ಳಾಗಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಸುಕನ್ಯಾ ಕೆಲಸ ಮಾಡುವ ಆಸ್ಪತ್ರೆಯಲ್ಲಿ, ರಕ್ತ ಏರಿಸಿ ಸ್ಕ್ಯಾನ್ ಮಾಡಿದಾಗ ಲಿವರಿನ ಬಿರುಕು ಕಂಡಿತು.

"ಆಪರೇಶನ್‌ಗೆ ತಯಾರಿ ಮಾಡ್ಲೇನ್ರಿ ಮೇಡಂ?" ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರ್ ಅಮರೇಶ ಕೇಳಿದ.

ಹೊಟ್ಟೆ ತೆರೆದು ಕಣ್ಣಾರೆ ನೋಡುವ ಆತುರ ಸುಕನ್ಯಾಳ ಬೆರಳಿಗೆ ಬಂತು. ಆದರೆ ರಕ್ತ ಸೋರುವುದು ನಿಂತಿತ್ತು, ಬಿ.ಪಿ. ಏರಿ ನಿಂತಿತ್ತು.

"ಬ್ಯಾಡ. ಕಾಯೋಣ. ಬಿ.ಪಿ. ಬಿದ್ರ ಮಾತ್ರ ಒಳಗ ಒಯ್ಯೋಣ."

ಕಾಡಿನ ದಾರಿಗಿಂತ ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕಾಯುವುದು ಕಠಿಣವಾಗಿತ್ತು. ಬಿ.ಪಿ. ಬೀಳಲಿಲ್ಲ.

ಹೆಗಲ ನೋವು ಇಳಿದ ಬೆಳಗ್ಗೆ ದಾಕ್ಷಾಯಿಣಿ ಹೊಟ್ಟೆಯ ಮೇಲೆ ಕೈಯಾಡಿಸಿ ಹೊಲಿಗೆ ಹುಡುಕಿದಳು.

"ಕೊಯ್ಲಿಲ್ಲೇನು?"

"ಇಲ್ಲ. ತಾನ ಮಾಯಾಕತ್ತೈತಿ."

"ಹಂಗಾದ್ರ ಉಡಚವ್ವನ್ನ ಕರೀರಿ. ಸ್ವಲ್ಪ ತಿಕ್ಕಲಿ."

"ಕರದ್ರ ಇಬ್ಬರ ಕೈನೂ ಕಟ್ಟತೇನಿ."

ದಾಕ್ಷಾಯಿಣಿ ಗೋಡೆಯ ಕಡೆ ಮುಖ ತಿರುಗಿಸಿದಳು. "ನಿಮಗ ಸಿಟ್ಟು ಭಾಳ ಐತಿ, ವೈನಿ."

ಸುಕನ್ಯಾ ತನ್ನ ಸುಲಿದ ಹೆಗಲ ಮೇಲೆ ಸೆರಗು ಸರಿಮಾಡಿಕೊಂಡು ಅವಳ ನಾಡಿ ಹಿಡಿದಳು.