ಹೆಲಿಕಾಪ್ಟರಿನಿಂದ ಇಳಿಸಿದವನು

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಈಶ್ವರ ಅವಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದ. ಬೇರೆ ಯಾರಾದರೂ ಹಾಗೆ ನೋಡಿದ್ದರೆ ರಾಜೇಶ್ವರಿ ಬೈದುಬಿಡುತ್ತಿದ್ದಳು. ಈ ನೋಟ ಅವಳಿಗೆ ಗೊತ್ತಿತ್ತು. ಆತ ತೂಗುತ್ತಿದ್ದ.

“ಐವತ್ತೆರಡು ಕಿಲೋ,” ಎಂದ. “ಭಾಳ ಇಳದೀರಿ.”

“ಐವತ್ನಾಕು. ನಿಮ್ಮ ಕಣ್ಣಿನ ಕಾಟಾ ಕೆಟ್ಟೈತಿ.”

“ಚಪ್ಪಲಿ, ಬ್ಯಾಗ್ ಬಿಟ್ಟು ಹೇಳೀನ್ರಿ.”

ಅವಳಿಗೆ ನಗು ಬಂತು. ಎರಡು ವರ್ಷ ಒಂದು ಫೋನೂ ಮಾಡದ ಮನುಷ್ಯನ ಮುಂದೆ ಇಷ್ಟು ಬೇಗ ನಗಬಾರದೆಂದು ತುಟಿ ಬಿಗಿ ಹಿಡಿದಳು. ಆತ ಅದನ್ನೂ ನೋಡಿದ. ನೋಡಿ, ಬಸ್ಸಿನ ಬೋರ್ಡು ಓದುವವನಂತೆ ಕತ್ತು ಹೊರಳಿಸಿದ.

ಇಬ್ಬರೂ ಅಂಗೋಲಾದಲ್ಲಿ, ಸಮುದ್ರದ ತಳದಲ್ಲಿ ಎಣ್ಣೆ ಹುಡುಕುವ ಕಂಪನಿಯೊಂದಕ್ಕೆ ದುಡಿದವರು. ಹುಕ್ಕೇರಿಯ ರಾಜೇಶ್ವರಿ ನಡುನೀರಿನಲ್ಲಿ ಎಣ್ಣೆಗಾಗಿ ಕೊರೆಯುವ ರಿಗ್ಗಿನಲ್ಲಿ ನರ್ಸ್. ಮೂಡಲಗಿ ಹತ್ತಿರದ ಕಲ್ಲೋಳಿಯ ಈಶ್ವರ ದಡದ ಹೆಲಿಕಾಪ್ಟರ್ ಬೇಸಿನಲ್ಲಿ ಲೋಡಿಂಗ್ ನೋಡುತ್ತಿದ್ದ. ರಿಗ್ಗಿಗೆ ಹೋಗುವವರನ್ನು ಸಾಮಾನಿನ ಸಮೇತ ಕಾಟಾದ ಮೇಲೆ ನಿಲ್ಲಿಸಿ ತೂಗುವುದು ಅವನ ಕೆಲಸ. ಬಿಸಿಲು ಏರಿದಷ್ಟೂ ಹೆಲಿಕಾಪ್ಟರ್ ಎತ್ತುವ ಭಾರ ಕಡಿಮೆ. ಲೆಕ್ಕ ಮೀರಿದರೆ ಒಂದು ಸಾಮಾನನ್ನು ಇಳಿಸಬೇಕು, ಇಲ್ಲವೇ ಒಬ್ಬ ಮನುಷ್ಯನನ್ನು.

ಇಬ್ಬರನ್ನೂ ಆ ಕೆಲಸಕ್ಕೆ ಹಚ್ಚಿದವನು ಗೋಕಾಕದ ಭೀಮೇಶ, ಕಂಪನಿಯ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಭೀಮೇಶ ಅದರೊಳಗಿದ್ದ. ಹೆಣವೂ ಸಿಗಲಿಲ್ಲ. ಇವತ್ತು ಅವನಿಗೆ ಎರಡನೇ ವರ್ಷದ ಎಡೆ. ಅವನ ಅವ್ವ ದುಂಡವ್ವ ಇಬ್ಬರಿಗೂ ಫೋನು ಮಾಡಿಸಿ ಕರೆಸಿಕೊಂಡಿದ್ದಳು.

ರಾಜೇಶ್ವರಿ ಎಡೆಗೆಂದಷ್ಟೇ ಬಂದಿರಲಿಲ್ಲ. ಘಟಪ್ರಭಾದಲ್ಲಿ ಮೆಡಿಕಲ್ ಅಂಗಡಿ ಇಟ್ಟ ಕಾಶಿನಾಥನ ಕಡೆಯವರು ಅವಳನ್ನು ಒಪ್ಪಿದ್ದರು. ಅಣ್ಣ ಗುರುಲಿಂಗಪ್ಪ ನಾಳೆ ಅವರಿಗೆ ಮಾತು ಕೊಡಬೇಕಿತ್ತು. ಈಶ್ವರ ಇವತ್ತೂ ಬಾಯಿ ಬಿಡದಿದ್ದರೆ ಕಾಶಿನಾಥನಿಗೆ ಹೂಂ ಅನ್ನುವುದು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡೇ ಬಸ್ ಹತ್ತಿದ್ದಳು.

ದುಂಡವ್ವನ ಮನೆ ಊರ ಹೊರಗಿನ ಓಣಿಯಲ್ಲಿ. ಇಬ್ಬರೂ ನಡೆದೇ ಹೊರಟರು.

“ಬೇಸಿನ ಮಂದಿ ನೆನಪಾಗ್ತಾರೇನ್ರಿ?” ಎಂದಳು.

“ಕೆಲವರ ಹೆಸರು ಮರ್ತೀನಿ. ತೂಕ ಒಬ್ಬರದೂ ಮರ್ತಿಲ್ಲ.”

“ರೋಡೆಲ್?” ಆತ ಫಿಲಿಪೀನ್ಸಿನವನು, ರಿಗ್ಗಿನ ಕ್ರೇನ್ ಓಡಿಸುತ್ತಿದ್ದ.

“ಎಪ್ಪತ್ತು. ಆದ್ರ ಕಾಟಾದ ಮ್ಯಾಲ ಎಪ್ಪತ್ತಾರು ಆಗ್ತಿದ್ದ. ಜಾಕೆಟ್ ತುಂಬ ಮೀನಿನ ಡಬ್ಬಿ. ಜೇಬು ತಟ್ಟಿದ್ರ, ‘ಇದು ನನ್ನ ಎದಿ’ ಅಂತಿದ್ದ. ‘ನಿನ್ನ ಎದಿ ಟಣ್ ಟಣ್ ಅಂತೈತಲ್ಲೋ’ ಅಂತ ಭೀಮು ಕಾಡ್ತಿದ್ದ.”

ಈ ಸಲ ರಾಜೇಶ್ವರಿ ತಡೆದುಕೊಳ್ಳದೆ ನಕ್ಕಳು. ಅಡಿಗೆಯ ಜೊಯಾನಾ ನೆನಪಾದಳು. ಭೀಮೇಶ ಅವಳಿಗೆ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುವುದನ್ನು ಕಲಿಸಿದ್ದ. ಮೊದಲ ರೊಟ್ಟಿ ಅಂಗೋಲಾದ ನಕಾಶೆಯಂತೆ ಬಂದಾಗ, ಹರಿಯಬೇಡಿರೆಂದು ಅದನ್ನು ಅಡಿಗೆಮನೆಯ ಗೋಡೆಗೆ ತೂಗುಹಾಕಿದ್ದ. ಹೆಲಿಕಾಪ್ಟರ್ ಹಾರಿಸುವ ಕ್ಯಾಪ್ಟನ್ ನೂನೊ ಅದಕ್ಕೆ ಸೆಲ್ಯೂಟ್ ಹೊಡೆದೇ ಊಟಕ್ಕೆ ಕೂಡುತ್ತಿದ್ದ.

“ನೂನೊ ಕಾಟಾ ಹತ್ತೂ ಮೊದಲ ಮದಿವಿ ಉಂಗುರ ತಗದು ಟ್ರೇದಾಗ ಇಡ್ತಿದ್ದ,” ಎಂದ ಈಶ್ವರ. “ಅದ್ರಿಂದ ಎಷ್ಟು ಇಳೀತೈತಿ ಕ್ಯಾಪ್ಟನ್ ಅಂದ್ರ, ಭಾಳ ಇಳೀತೈತಿ, ನಿನಗಿನ್ನೂ ಮದಿವಿ ಆಗಿಲ್ಲ, ತಿಳಿಯೂದಿಲ್ಲ ಅಂತಿದ್ದ.”

“ಆ ದಿನಾನೂ ತಗದಿದ್ನೇನು?”

“ತಗದಿದ್ದ. ಹಾಕ್ಕೊಳ್ಳೂದು ಮರ್ತು ಹೋದ. ಅವನ ಹೆಣ ಸೀಟಿಗೆ ಬೆಲ್ಟ್ ಹಾಕಿದ ಹಂಗ ಸಿಕ್ತು. ಉಂಗುರ ನಾನ ಪಾರ್ಸಲ್ ಮಾಡ್ದೆ, ಅವನ ಹೆಂಡ್ತಿಗೆ.”

ಕಬ್ಬಿನ ಟ್ರ್ಯಾಕ್ಟರೊಂದು ಎದುರು ಬಂದಾಗ ಆತ ಅವಳನ್ನು ರಸ್ತೆಯ ಒಳಬದಿಗೆ ಬಿಟ್ಟು ತಾನು ಹೊರಗೆ ಬಂದ. ಮುಟ್ಟಲಿಲ್ಲ. ಅವಳ ಮೊಣಕೈ ಹತ್ತಿರ ಅವನ ಕೈ ಒಂದು ಕ್ಷಣ ನಿಂತು ಹಿಂದೆ ಹೋಯಿತು.

“ಒಂದು ಕೇಳ್ತೀನಿ,” ಎಂದಳು. “ಇಡೀ ಬೇಸ್ ನನ್ನ ಸಿಸ್ಟರ್ ಅಂತಿತ್ತು. ನೀವೊಬ್ಬರ ಮೇಡಮ್ ಅಂತಿದ್ರಿ. ಯಾಕ?”

ಅವನ ಕಿವಿಯ ತುದಿ ಕೆಂಪಾಯಿತು. “ಆ ಮಾತು ಬಾಯಿಗೆ ಬರ್ತಿರಲಿಲ್ರಿ.”

“ಅದ ಯಾಕ ಬರ್ತಿರಲಿಲ್ಲ?”

“ಬಿಸಲು ಭಾಳೈತಿ. ಲಗೂ ನಡೀರಿ.”

“ಈಶ್ವರ ಅವರ, ನನಗ ಘಟಪ್ರಭಾದ ಕಡೆಯಿಂದ ಒಂದು ಸಂಬಂಧ ಬಂದೈತಿ. ನಾಳೆ ಅಣ್ಣ ಮಾತು ಕೊಡ್ತಾನ.”

ಆತ ನಿಂತ. ಅವಳ ಮುಖ ನೋಡಲಿಲ್ಲ. ತನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ನೋಡಿದ. “ಮನುಷ್ಯ ಚಲೋ ಇದ್ದಾನೇನ್ರಿ?”

“ಹಂಗಂತಾರ.”

“ಹಂಗಿದ್ರ ಹೂಂ ಅನ್ರಿ.”

ಮುಖಕ್ಕೆ ಹೊಡೆದಂತಾಯಿತು. ಇನ್ನು ಕೇಳುವುದೇನೂ ಉಳಿಯಲಿಲ್ಲ. ಎಡೆ ಮುಗಿಸಿ ಮೊದಲ ಬಸ್ಸಿಗೆ ಹುಕ್ಕೇರಿಗೆ ಹೋಗುವುದು ಎಂದುಕೊಂಡು ಅವಳು ಅವನಿಗಿಂತ ಮುಂದೆ ನಡೆದಳು.

ದುಂಡವ್ವ ಬಾಗಿಲಲ್ಲೇ ಕೂತಿದ್ದಳು. ಕೂಡಲು ಕಂಬಳಿ ಹಾಸಿದಳು, ನೀರು ಕೊಟ್ಟಳು. ಗೋಡೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಭೀಮೇಶನ ಫೋಟೋ. ಜಾಕೆಟ್ಟಿನೊಳಗೆ ಆತ ಬಡಿಗೆಗೆ ಅಂಗಿ ತೊಡಿಸಿದಂತೆ ಕಾಣುತ್ತಿದ್ದ. ಅದರ ಮುಂದೆ ಎಡೆಯ ತಾಟು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮತ್ತು ತಾಟಿನ ತುಂಬ ಕರದಂಟು.

“ಅವಗ ಅಂಗಡ್ಯಾಗಿಂದು ಸೇರತಿದ್ದಿಲ್ಲ,” ಎಂದಳು ದುಂಡವ್ವ. “ನಾನ ಅಂಟು ಹುರದು, ಕೊಬ್ಬರಿ ಉತ್ತತ್ತಿ ಹಾಕಿ ಮಾಡಬೇಕು. ಕಡೀಸಲ ಹೋಗುಮುಂದ ಒಂದು ಡಬ್ಬಿ ತುಂಬ ಮಾಡಿಕೊಟ್ಟಿದ್ದೆ. ಎಲ್ಲಾರೂ ತಿಂದ್ರೇನವಾ?”

ರಾಜೇಶ್ವರಿ ತಾಟಿನ ಕಡೆ ನೋಡಿದಳು. “ತಿಂದ್ರವ್ವಾ,” ಎಂದ ಈಶ್ವರ. “ಭಾಳ ಚಲೋ ಅಂದ್ರು.”

ಯಾರೂ ತಿಂದಿರಲಿಲ್ಲ. ಆ ಡಬ್ಬಿ ರಾಜೇಶ್ವರಿಯ ಕೋಣೆಯಲ್ಲೇ ಉಳಿದಿತ್ತು, ಇರುವೆ ಹತ್ತಿ ಕಪ್ಪಾಗುವವರೆಗೆ.

ಹೆಲಿಕಾಪ್ಟರ್ ಬಿದ್ದ ದಿನ ಬೆಳಿಗ್ಗೆ ಡಬ್ಬಿ ಅವಳ ಬ್ಯಾಗಿನಲ್ಲಿತ್ತು. ರಿಗ್ಗಿನವರಿಗೆಲ್ಲ ಹಂಚಿರೆಂದು ಭೀಮೇಶನೇ ಕೊಟ್ಟಿದ್ದ. ಕಾಟಾದ ಮೇಲೆ ಲೆಕ್ಕ ಮೀರಿತು. “ಡಬ್ಬಿ ಇಳಸ್ರಿ ಮೇಡಮ್,” ಎಂದಿದ್ದ ಈಶ್ವರ. “ಡಬ್ಬಿ ಇಳಿಯೂದಿಲ್ಲ. ಬೇಕಂದ್ರ ನನ್ನ ಇಳಸ್ರಿ,” ಎಂದಿದ್ದಳು, ಅವನನ್ನು ಕೆಣಕಲೆಂದು, ಅವನ ಕಣ್ಣು ಇನ್ನೊಂದು ಗಳಿಗೆ ತನ್ನ ಮೇಲಿರಲೆಂದು. ರಿಗ್ಗಿನ ಪಂಪು ರಿಪೇರಿಗೆ ಮರುದಿನ ಹೋಗಬೇಕಿದ್ದ ಭೀಮೇಶ ಪಕ್ಕದಲ್ಲೇ ನಿಂತಿದ್ದ. “ನೀವು ಜಗಳಾಡ್ಕೋತ ಕೂಡ್ರಿ. ನಾ ಇವತ್ತ ಹೊಕ್ಕೀನಿ. ಸಿಸ್ಟರ್, ನಾಳೆ ಡಬ್ಬಿ ತಗೊಂಡು ಬರ್ರಿ,” ಎಂದು ಅವಳ ಜಾಗಕ್ಕೆ ಹತ್ತಿದ. ಡಬ್ಬಿ ಸಮೇತ ಅವಳಿಗಿಂತ ಹಗುರ ಆತ.

ಅಷ್ಟೇ ಆದದ್ದು. ಯಾರ ತಪ್ಪೂ ಅಲ್ಲ ಎಂದು ವಿಚಾರಣೆ ಹೇಳಿತ್ತು. ಹೇಳಿದ್ದರಿಂದ ಅವಳಿಗೆ ನಿದ್ದೆಯೇನೂ ಬಂದಿರಲಿಲ್ಲ.

ದುಂಡವ್ವ ಈಗ ಈಶ್ವರನ ಎದುರಿಗೆ ಬಂದು ಕೂತಳು. ದನಿ ಏರಿಸಲಿಲ್ಲ. “ಹೋದ ವರ್ಷ ಕೇಳಿದ್ನಿ, ಈಗೂ ಕೇಳ್ತೀನಿ. ಈಗ ಇಕೀನೂ ಇದ್ದಾಳ. ಹೆಲಿಕಾಪ್ಟರ್ ಹತ್ತುಮುಂದ ನನ ಮಗ ಫೋನ್ ಮಾಡಿದ್ದ. ‘ಯವ್ವಾ, ಸಿಸ್ಟರ್‌ನ ಇಳಿಸ್ಯಾರ, ನಾ ಹೊಂಟೀನಿ’ ಅಂದ. ಯಾಕ ಇಳಿಸ್ದೀ ಇಕೀನ್ನ?”

ಈಶ್ವರ ನೆಲ ನೋಡುತ್ತಿದ್ದ.

“ನಿನ್ನ ಕಣ್ಣು ಇಕೀ ಮ್ಯಾಲ ಐತಿ ಅಂತ ಭೀಮೂನ ಹೇಳ್ತಿದ್ದ, ನಕ್ಕೋತ. ಆ ಮಷೀನ ಕೆಟ್ಟೈತಿ ಅಂತ ನಿನಗ ಗೊತ್ತಿತ್ತು. ಇಕೀನ್ನ ಉಳಿಸ್ಕೊಂಡಿ. ನನ ಮಗನ್ನ ಕಳಿಸ್ದಿ. ಅಲ್ಲಂದ್ರ ಅಲ್ಲ ಅನ್ನು. ನಾ ಹೀಂಗಂದ್ರ ಈ ಓಣ್ಯಾಗಿನವರು ನನಗ ಹುಚ್ಚಿ ಅಂತಾರ.”

ರಾಜೇಶ್ವರಿಗೆ ಆಗ ತಿಳಿಯಿತು, ಎರಡು ವರ್ಷದ ಮೌನ ಏನೆಂದು. ಆತ ತನ್ನನ್ನು ಮದುವೆಯಾದರೆ ಈ ಮಾತಿಗೆ ತಾನೇ ಸಾಕ್ಷಿ ಒದಗಿಸಿದಂತೆ. ಅಲ್ಲ ಅಂದರೆ ಮತ್ತ್ಯಾಕ ಇಳಿಸ್ದಿ ಎಂದು ಮುದುಕಿ ಕೇಳುತ್ತಾಳೆ. ಆ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ: ನಿನ್ನ ಕೈಯ ಕರದಂಟಿನ ಭಾರಕ್ಕೆ.

ರಾಜೇಶ್ವರಿ ಬಾಯಿ ತೆರೆದಳು. ಈಶ್ವರ ತಲೆ ಎತ್ತಿ ಅವಳನ್ನು ನೋಡಿದ. ಆ ಕಣ್ಣಲ್ಲಿ ತೂಗುವವನ ನೋಟವಿರಲಿಲ್ಲ. ರೆಪ್ಪೆ ಅಲುಗಿಸದೆ, ಕಾಲಿಗೆ ಬೀಳುವವನಂತೆ ಬೇಡುತ್ತಿದ್ದ: ಹೇಳಬ್ಯಾಡ. ಯಾವ ಗಂಡಸೂ ಯಾವತ್ತೂ ಅವಳ ಮುಂದೆ ಇಷ್ಟು ಬೆತ್ತಲೆಯಾಗಿ ಕೂತಿರಲಿಲ್ಲ.

“ಖರೆ ಐತಿ ಅವ್ವಾ,” ಎಂದಳು ರಾಜೇಶ್ವರಿ. “ನನ್ನ ಸಲುವಾಗಿನ ಇಳಿಸಿದ್ರು.”

“ಮೇಡಮ್!”

“ನೀವು ಸುಮ್ನಿರ್ರಿ. ಅವ್ವಾ, ಇವರಿಗೆ ನಾ ಬೇಕಾಗಿದ್ದೆ. ನನಗೂ ಇವರು ಬೇಕಾಗಿದ್ರು. ಅವತ್ತು ಹೋಗಬ್ಯಾಡ ಅಂದ್ರು, ನಾ ಇಳದೆ. ಮಷೀನ ಕೆಟ್ಟೈತಿ ಅಂತ ಇಬ್ಬರಿಗೂ ಗೊತ್ತಿದ್ದಿಲ್ಲ. ಆದ್ರ ಇಳಿಸಿದ್ದು ಅದಕ್ಕನ. ನಾವು ಲಗ್ನ ಆಗಾಕತ್ತೇವಿ.”

ಹಿತ್ತಲಲ್ಲಿ ಒಂದು ಕುರಿಮರಿ ಕೂಗಿ ಸುಮ್ಮನಾಯಿತು. ದುಂಡವ್ವ ಹೊಡೆಯುತ್ತಾಳೆ ಎಂದುಕೊಂಡಳು ರಾಜೇಶ್ವರಿ. ಹೊಡೆದಿದ್ದರೆ ಚಲೋ ಇತ್ತು. ಮುದುಕಿ ಫೋಟೋದ ಕಡೆ ತಿರುಗಿದಳು.

“ಕೇಳಿದ್ಯೇನೋ ಭೀಮೂ. ಹುಚ್ಚಿ ಅಲ್ಲೋ ನಿಮ್ಮವ್ವ.”

ಅವಳ ಹೆಗಲು ಕೆಳಗಿಳಿದವು, ಬಹಳ ದೂರದಿಂದ ಹೊತ್ತು ತಂದ ಗಂಟನ್ನು ಇಳಿಸಿದಂತೆ. ಆಮೇಲೆ ಎಡೆಯ ತಾಟಿನಿಂದ ಎರಡು ಕರದಂಟು ತೆಗೆದು ಇಬ್ಬರ ಮುಂದಿಟ್ಟಳು.

“ಎಡಿ ಹಿಡದದ್ದು ಬಿಟ್ಟು ಹೋಗಬಾರದು. ತಿಂದು ಏಳ್ರಿ. ಮತ್ತ ಈ ಹೊಸ್ತಿಲಾ ತುಳೀಬ್ಯಾಡ್ರಿ. ನಿಮಗ ಮಕ್ಕಳಾಗಲಿ, ಮನಿ ತುಂಬಲಿ. ನನ್ನಂಗ ಕುಂತು ಕಾಯೂ ದಿನಾನೂ ನಿಮಗ ಬರಲಿ.”

ತಿಂದರು. ಅಂಟು ಹಲ್ಲಿಗೆ ಹತ್ತಿಕೊಂಡಿತು. ಅವಳು ನೀರಿಲ್ಲದೆ ನುಂಗಿದಳು.

ಓಣಿ ದಾಟುವವರೆಗೆ ಈಶ್ವರ ದಾಪುಗಾಲು ಹಾಕಿದ. ಹುಣಸೆಮರದ ಹತ್ತಿರ ಗಕ್ಕನೆ ನಿಂತ. ಸಿಟ್ಟಿನಿಂದ ಅವಳ ಕಡೆ ತಿರುಗಿದ.

“ಸುಳ್ಳು ಯಾಕ ಹೇಳಿದ್ರಿ? ನಾಳೆ ಊರ ತುಂಬ ಆಗ್ತೈತಿ. ಹುಕ್ಕೇರಿಗೂ ಮುಟ್ತೈತಿ. ಮಂದಿ ನಿಮ್ಮ ಮುಖಕ್ಕ ಉಗುಳತಾರ.”

“ಎರಡು ವರ್ಷ ನೀವೊಬ್ಬರ ಉಗುಳಿಸ್ಕೊಂಡ್ರಲ್ಲ. ಸಾಕಾಗಲಿಲ್ಲೇನು?”

“ನಾ ಗಂಡಸು. ನಡೀತೈತಿ.”

“ಆಹಾ. ಗಂಡಸ್ರ ಉಗುಳಿನ ಲೆಕ್ಕ ಬ್ಯಾರೆ ಐತೇನು?”

ಆತ ನಗಲಿಲ್ಲ. “ಡಬ್ಬಿ ಮಾತು ಒಂದು ಹೇಳಿದ್ರ ನಾವಿಬ್ಬರೂ ಬಚಾವ್ ಆಗ್ತಿದ್ವಿ.”

“ಆಗ್ತಿದ್ವಿ. ಆಕಿ ನಾಳೆ ಬಾವಿ ನೋಡ್ಕೋತಿದ್ಲು.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಒಂದು ಹೇಳ್ರಿ. ನಾ ಒಳಗ ಹೇಳಿದ್ದರಾಗ ಸುಳ್ಳು ಎಷ್ಟು? ನಿಮಗ ನಾ ಬೇಕಾಗಿದ್ದಿಲ್ಲೇನು?”

ಆತ ಹುಣಸೆಮರಕ್ಕೆ ಬೆನ್ನು ಆನಿಸಿದ.

“ಬೇಕಾಗಿದ್ರಿ,” ಎಂದ. “ಈಗೂ ಬೇಕು. ಅವತ್ತು ನೀವು ಇಳದಾಗ ನನಗ ಖುಷಿ ಆಗಿತ್ರಿ, ಇನ್ನೊಂದಿನ ದಡದಾಗ ಇರ್ತಾರ ಅಂತ. ಭೀಮು ಹತ್ತುಮುಂದ ನಾ ನಗಾಕತ್ತಿದ್ದೆ. ಅದನ್ನ ನೆನಸ್ಕೊಂಡ್ರ ನನಗ ನನ್ನ ಮುಖ ಬ್ಯಾಡ ಆಗ್ತೈತಿ.”

“ನಾನೂ ನಗಾಕತ್ತಿದ್ದೆ,” ಎಂದಳು. “ಅವನೂ ನಗಾಕತ್ತಿದ್ದ.”

ಆತ ಕಣ್ಣು ಒರೆಸಿಕೊಂಡ. ಅವಳು ಅವನ ಕೈ ಹಿಡಿದಳು. ಗೋಕಾಕದ ರಸ್ತೆಯಲ್ಲಿ, ಹಾಡಹಗಲು. ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕಿನವನೊಬ್ಬ ತಿರುತಿರುಗಿ ನೋಡುತ್ತ ಹೋದ.

ಬಸ್ ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಈಶ್ವರ ಅದನ್ನು ದಾಟಿ ನಡೆದ.

“ನಿಮ್ಮ ಬಸ್ ಅದಲ್ಲೇನ್ರಿ?”

“ಹುಕ್ಕೇರಿಗೆ ಬರ್ತೀನಿ. ನಿಮ್ಮ ಅಣ್ಣ ನಾಳೆ ಮಾತು ಕೊಡೂದಕ್ಕಿಂತ ಮೊದಲ ನಾ ಕೇಳಬೇಕಲ್ಲ.”

“ಅಣ್ಣಗ ಈ ಸುದ್ದಿ ನಮಗಿಂತ ಮೊದಲ ಮುಟ್ಟಿದ್ರ?”

“ಬಾಗಿಲಾ ಹಾಕ್ಕೋತಾರ.”

“ಆಮ್ಯಾಲ?”

“ಹೊರಗ ಕೂಡೋದು. ಎರಡು ವರ್ಷ ಹೊರಗ ಕುಂತೀನಿ, ನನಗೇನು ಹೊಸಾದಲ್ಲ.”

ಬಸ್ಸಿನಲ್ಲಿ ಜಾಗವಿರಲಿಲ್ಲ. ಇಬ್ಬರೂ ನಿಂತೇ ಹೊರಟರು, ಮೇಲಿನ ಒಂದೇ ಕಂಬಿ ಹಿಡಿದುಕೊಂಡು.