ಹುಸಿ ಸೀಟು

ಅವಳು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಪಾಸ್‌ಪೋರ್ಟ್ ಕೂಡ ಇರಲಿಲ್ಲ.

ಆದರೂ ಆರು ವರ್ಷದಿಂದ ಸೋದರಮಾವನ ಟ್ರಾವೆಲ್ ಆಫೀಸಿನಲ್ಲಿ ಕೂತು, ಊರವರ ಮೈಲಿಗಳಿಗೆ ಫಸ್ಟ್ ಕ್ಲಾಸ್ ಟಿಕೆಟ್ ಹುಡುಕಿಕೊಡುತ್ತಿದ್ದಳು. ಹಾರಿದ್ದಕ್ಕೆ, ಕಾರ್ಡು ಉಜ್ಜಿದ್ದಕ್ಕೆ ಸಿಗುವ ಅಂಕವೇ ಮೈಲಿ. ಸಾಕಷ್ಟು ಕೂಡಿದರೆ ಟಿಕೆಟ್. ಯಾವ ವಿಮಾನದಲ್ಲಿ, ಯಾವ ದಿನ ಅಂಥ ಸೀಟು ಬಿಡುತ್ತಾರೆ ಎನ್ನುವುದು ಮಾತ್ರ ಹಾವಿನ ಹೆಜ್ಜೆ. ಅದನ್ನು ಅವಳು ಬಲ್ಲಳು.

"ಈ ಸೀಟು ಪೂರ್ತಿ ಹಾಸಿಗೆ ಆಗತ್ತಾ?"

ತಲೆ ಎತ್ತಿದಳು. ಬಾಗಿಲಿನಷ್ಟು ಎತ್ತರದ ಮನುಷ್ಯ. ಭುಜದಲ್ಲಿ ಗ್ರೀಸು ಮೆತ್ತಿದ ಟೂಲ್ ಬ್ಯಾಗು. ಗೋಡೆಯ ಮೇಲಿನ ಪೋಸ್ಟರಿಗೆ ಬೆರಳು ತೋರಿಸುತ್ತಿದ್ದ.

"ಆಗತ್ತೆ ಸರ್. ಎರಡು ಮೀಟರ್ ಉದ್ದ. ಮೇಲೆ ಮೆತ್ತನೆ ಹಾಸು, ಎರಡು ದಿಂಬು."

"ನೀವು ಮಲಗಿ ನೋಡಿದ್ದೀರಾ?"

"...ಇಲ್ಲ."

"ಮತ್ತೆ ಅಷ್ಟು ಗಟ್ಟಿಯಾಗಿ ಹೇಳ್ತೀರಿ!"

ಅವಳ ಕಿವಿ ಬಿಸಿಯಾಯಿತು. "ನೀವು ಮಲಗಿದ್ದೀರಾ?"

"ಹನ್ನೊಂದು ವರ್ಷದಿಂದ ಹಾರ್ತಿದ್ದೀನಿ. ಯಾವಾಗ್ಲೂ ಕೊನೇ ಸಾಲು. ಟಾಯ್ಲೆಟ್ ಪಕ್ಕ."

"ಹಾಗಾದ್ರೆ ಇಬ್ಬರದ್ದೂ ಒಂದೇ ಕಥೆ. ಕೂತ್ಕೊಳ್ಳಿ."

ಅವನು ನಕ್ಕ. ಆ ನಗು ಅವಳ ಮೇಜಿನ ಮೇಲೆ ಬಿದ್ದು ಅಲ್ಲೇ ಉಳಿಯಿತು.

ಅವನು ಬಂದರುಗಳಲ್ಲಿ ಕ್ರೇನ್ ರಿಪೇರಿ ಮಾಡುವವನು. ಎಲ್ಲಿ ಕ್ರೇನು ಕೆಟ್ಟರೂ ಕಂಪನಿ ಅವನನ್ನೇ ಅಟ್ಟುತ್ತಿತ್ತು. ಟಿಕೆಟ್ಟಿಗೆ ತನ್ನ ಕಾರ್ಡು ಉಜ್ಜಿ, ಆಮೇಲೆ ದುಡ್ಡು ವಾಪಸು ಪಡೆಯುತ್ತಿದ್ದ. ಹಾಗೆ ಕಾರ್ಡಿನಲ್ಲಿ ಎರಡು ಲಕ್ಷದ ಎಂಬತ್ತು ಸಾವಿರ ಮೈಲಿ ಸೇರಿತ್ತು.

"ಎರಡು ಸೀಟು ಬೇಕು. ಅಕ್ಕಪಕ್ಕ. ನಡುವಿನ ತಡೆ ಕೆಳಗಿಳೀಬೇಕು. ಮುಂದಿನ ತಿಂಗಳು ಇಪ್ಪತ್ತರೊಳಗೆ ಅಲ್ಲಿರಬೇಕು, ತಪ್ಪೋ ಹಾಗಿಲ್ಲ." ಮೇಜಿನ ಭೂಪಟದಲ್ಲಿ ಸಮುದ್ರದಾಚೆಯ ಒಂದು ಊರಿನ ಮೇಲೆ ಬೆರಳಿಟ್ಟ.

ಜೊತೆಗೆ ಯಾರು? ಮಾತು ನಾಲಿಗೆಯ ತುದಿಗೆ ಬಂತು. ನುಂಗಿದಳು.

ಅವಳ ಕಂಪ್ಯೂಟರಿಗೆ ಮಾವ ಒಂದು ಚೀಟಿ ಅಂಟಿಸಿದ್ದ. ಅದರಲ್ಲಿ ಎರಡೇ ಸಾಲು. 'ಜೊತೆಗೆ ಯಾರು ಅಂತ ಕೇಳಬೇಡ. ಮೊದಲು ಫೋನು, ಆಮೇಲೆ ಮೈಲಿ.'

ಮೊದಲನೆಯದಕ್ಕೆ ಒಂದು ಕಥೆಯಿತ್ತು. "ಒಂದ್ಸಲ ಒಬ್ಬನ್ನ ಬಾಯಿ ತಪ್ಪಿ ಕೇಳ್ದೆ ಕಣೆ," ಎನ್ನುತ್ತಿದ್ದ ಮಾವ, "ಹಿಂದೆ ಅವನ ಹೆಂಡ್ತಿ ನಿಂತಿದ್ಲು. ಒಂದು ಸಂಸಾರ ಹೋಯ್ತು, ಎರಡು ಟಿಕೆಟ್ ಕ್ಯಾನ್ಸಲ್ ಆಯ್ತು."

ಎರಡನೆಯದು ಕಸುಬಿನ ಪ್ರಾಣ. ಒಂದು ವಿಮಾನ ಕಂಪನಿಯ ಸೈಟಿನಲ್ಲಿ ಇನ್ನೊಂದು ಕಂಪನಿಯ ಸೀಟೂ ಕಾಣುತ್ತದೆ. ಕೆಲವೊಮ್ಮೆ ಇಲ್ಲದ ಸೀಟೂ ಕಾಣುತ್ತದೆ. ಹುಸಿ ಸೀಟು! ಫೋನು ಮಾಡಿ ಖಚಿತ ಮಾಡಿಕೊಂಡೇ ಕಾರ್ಡಿನ ಮೈಲಿಯನ್ನು ಆ ಕಂಪನಿಗೆ ಕಳಿಸಬೇಕು. ಒಮ್ಮೆ ಹೋದ ಮೈಲಿ, ಬಿಟ್ಟ ಬಾಣ. ಮರಳಿ ಬಾರದು.

ಅವನು ವಾರಕ್ಕೆರಡು ಸಲ ಬರತೊಡಗಿದ. ಮಾವ ಅವನಿಗೆ 'ಕ್ರೇನು' ಎಂದೇ ಹೆಸರಿಟ್ಟ. ಅವನು ಅವಳನ್ನು 'ಟಿಕೆಟ್ ಮೇಡಂ' ಎಂದ. ಕೆಟ್ಟುಹೋಗಿದ್ದ ಅವಳ ಕುರ್ಚಿಯ ಚಕ್ರ ಒಂದು ದಿನ ತಾನಾಗಿ ಸರಿಯಾಗಿತ್ತು. ಇನ್ನೊಂದು ದಿನ ಬಿಗಿದು ಕೂರುತ್ತಿದ್ದ ಕಿಟಕಿಯ ಚಿಲಕ.

"ಸೀಟು ಸಿಕ್ಕಿತಾ?" ಎಂದು ಅವನು ಕೇಳುತ್ತಿದ್ದ.

"ಇಲ್ಲ."

"ಸರಿ, ನಾಡಿದ್ದು ಬರ್ತೀನಿ."

ಸಿಗದಿರಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಅವಳಿಗೆ ಐದನೆಯ ವಾರ ತಿಳಿಯಿತು. ತಿಳಿದು ನಾಚಿಕೆಯಾಯಿತು.

ಆರನೆಯ ವಾರ, ಬೆಳಿಗ್ಗೆ ಹನ್ನೊಂದೂ ಹತ್ತು. ಪರದೆಯ ಮೇಲೆ ಎರಡು ಸೀಟು! ಅಕ್ಕಪಕ್ಕ. ನೇರ ವಿಮಾನ. ತಲಾ ಒಂದು ಲಕ್ಷದ ನಲವತ್ತು ಸಾವಿರ ಮೈಲಿ.

ಅವನಿಗೆ ಫೋನು ಮಾಡಿದಳು. ಹಿಂದೆ ಗಾಳಿ, ಕಬ್ಬಿಣದ ಸದ್ದು. ಅವನು ಯಾವುದೋ ಕ್ರೇನಿನ ತುದಿಯಲ್ಲಿದ್ದ.

"ನಿಜವಾಗ್ಲೂ? ತಡೆ ಕೆಳಗಿಳಿಯತ್ತಲ್ಲ? ರಾತ್ರಿಯಿಡೀ ಅವಳ ಕೈ ಹಿಡ್ಕೊಂಡಿರಬೇಕು ನಾನು!"

ಅವಳ ಕೈ...

ಆರು ವಾರ ಯಾವಳದೋ ಕೈಗೆ ಹಾಸಿಗೆ ಹುಡುಕಿದೆನಲ್ಲ! ಇವತ್ತಿಗೆ ಮುಗಿದುಹೋಗಲಿ. ಇವನು ಈ ಬಾಗಿಲಿಗೆ ಮತ್ತೆ ಬರದೇ ಇರಲಿ.

"ನಿಮ್ಮ ಮೊಬೈಲಿಗೆ ಆರು ಅಂಕಿ ಬಂದಿದೆ. ಹೇಳಿ."

ಅವನು ಹೇಳಿದ. ಅವಳು ಒತ್ತಿದಳು. ಎರಡು ಲಕ್ಷದ ಎಂಬತ್ತು ಸಾವಿರ, ಒಂದೇ ಸಲಕ್ಕೆ ಕಾರ್ಡಿನಿಂದ ಆ ವಿಮಾನ ಕಂಪನಿಗೆ ಹೋಯಿತು.

'ಬುಕ್' ಒತ್ತಿದಳು.

'ಈ ಸೀಟುಗಳು ಲಭ್ಯವಿಲ್ಲ.'

ಮತ್ತೆ ಒತ್ತಿದಳು. ಮತ್ತೆ ಅದೇ. ಆಗ ಫೋನೆತ್ತಿದಳು. ಆ ಕಡೆಯ ಹೆಂಗಸು ನಿಧಾನವಾಗಿ ಹೇಳಿದಳು: ಆ ದಿನ ಅಂಥ ಸೀಟು ಬಿಟ್ಟೇ ಇಲ್ಲ.

ಎದುರಿಗೆ ಮಾವನ ಚೀಟಿ. ಮಾಡಬೇಕಿದ್ದ ಫೋನು ಅವಳು ಮಾಡಿರಲಿಲ್ಲ.

ಮಧ್ಯಾಹ್ನ ಅವನು ಓಡೋಡಿ ಬಂದ. ಎರಡು ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟ. ಒಂದು ಹೊಸದು. ಅವಳು ಅದನ್ನೇ ತೆರೆದಳು. ನರೆತ ಕೂದಲು, ಅವನದೇ ಮೂಗು. ವಯಸ್ಸು ಐವತ್ತಮೂರು.

"ಇವರು...?"

"ಅಕ್ಕ. ನನ್ನ ಸಾಕಿದವಳು. ಬೆನ್ನುಮೂಳೆ ಹೋಗಿದೆ, ಅರ್ಧ ಗಂಟೆ ಕೂರೋಕಾಗಲ್ಲ. ಕೆಳಗಿನ ಕ್ಲಾಸಲ್ಲಿ ಸೀಟು ಇಳಿಜಾರಾಗಿ ನಿಲ್ಲತ್ತೆ, ಜಾರ್ತಾಳೆ. ಅವಳ ಮಗಳಿಗೆ ಇಪ್ಪತ್ತಮೂರನೇ ತಾರೀಖು ಹೆರಿಗೆ. ಅಳಿಯ ಇಲ್ಲ, ಹೋಗ್ಬಿಟ್ಟ. ಅಲ್ಲಿ ಹುಡುಗಿ ಒಬ್ಬಳೇ." ಅವನು ಅವಳ ಮುಖ ನೋಡಿದ. "ಏನಾಯ್ತು ಮೇಡಂ?"

ಅವಳು ಹೇಳಿದಳು. ಒಂದನ್ನೂ ಬಿಡದೆ.

"ಫೋನ್ ಮಾಡದೆ ಯಾಕೆ ಕಳಿಸಿದ್ರಿ? ಆ ಚೀಟಿ ನನಗೇ ಬಾಯಿಪಾಠ ಆಗಿದೆ!"

"ಬೇಗ ಮುಗೀಲಿ ಅಂತ."

"ಏನು ಮುಗೀಲಿ ಅಂತ?"

"ನೀವು ಬರೋದು." ಅವಳು ಕೀಬೋರ್ಡು ದೂರ ತಳ್ಳಿದಳು. "ಕೈ ಹಿಡ್ಕೋಬೇಕು ಅಂದ್ರಿ. ಯಾರೋ ಹುಡುಗಿ ಅಂದ್ಕೊಂಡೆ. ತಡ್ಕೊಳ್ಳೋಕಾಗ್ಲಿಲ್ಲ."

ಅವನ ಮುಖದಲ್ಲಿ ಎರಡು ಬಣ್ಣ ಬಂದು ಹೋದವು. ಪಾಸ್‌ಪೋರ್ಟ್ ಎತ್ತಿಕೊಂಡ. ಹೊರಟುಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಮಾವ ಬೈಯಲಿಲ್ಲ. "ಅತ್ತು ಮುಗಿದಿದ್ರೆ ಹುಡುಕು," ಎಂದ. "ಮೈಲಿ ಆ ಕಂಪನೀಲಿ ಸಿಕ್ಕಿಕೊಂಡಿದೆ, ಸತ್ತಿಲ್ಲ."

ಒಂಬತ್ತು ದಿನ ಹುಡುಕಿದಳು. ನಾಲ್ಕನೆಯ ದಿನ ಬೇರೆ ಕಂಪನಿ ತನ್ನ ನೇರ ವಿಮಾನದಲ್ಲಿ ಅಷ್ಟೇ ಬೆಲೆಗೆ ಅಕ್ಕಪಕ್ಕದ ಎರಡು ಸೀಟು ನಿಜವಾಗಿಯೇ ಬಿಟ್ಟಿತು, ಆದರೆ ಕಾರ್ಡಿನಲ್ಲಿ ಮೈಲಿ ಇರಲಿಲ್ಲ. ಅವನು ಬರಲಿಲ್ಲ, ಫೋನೂ ಇಲ್ಲ. ಒಂಬತ್ತನೆಯ ದಿನ ಆ ಕಂಪನಿಯದೇ ವಿಮಾನದಲ್ಲಿ ಒಂದು ಫಸ್ಟ್ ಕ್ಲಾಸ್ ಸೀಟು ಕಂಡಿತು. ಒಂದೇ ಒಂದು. ಸುತ್ತುದಾರಿ, ನಡುವೆ ಏಳು ಗಂಟೆ ಇಳಿದು ಕಾಯಬೇಕು, ತಲುಪುವುದು ಒಂದು ದಿನ ತಡ. ಬೆಲೆ ಎರಡು ಲಕ್ಷದ ಇಪ್ಪತ್ತು ಸಾವಿರ ಮೈಲಿ.

ಫೋನು ಮಾಡಿದಳು. ಇದೆ ಎಂದರು. ಇನ್ನೊಬ್ಬರ ಬಾಯಲ್ಲೂ ಕೇಳಬೇಕೆಂದು ಮತ್ತೆ ಮಾಡಿದಳು. ಇದೆ.

ಇರುವುದು ಒಂದೇ ಸೀಟು; ತಮ್ಮ ಹಿಂದಿನ ಸಾಲಿನಲ್ಲಿ ಕೂತರೆ ಫಸ್ಟ್ ಕ್ಲಾಸಿನ ಪರದೆ ದಾಟಿ ಮುಂದೆ ಬರುವ ಹಾಗಿಲ್ಲ. ಅಕ್ಕನನ್ನು ಮಗ್ಗುಲು ತಿರುಗಿಸುವವರು ಯಾರು? ಕಂಪನಿಯ ವೈದ್ಯಕೀಯ ವಿಭಾಗಕ್ಕೆ ಹನ್ನೊಂದು ಸಲ ಕರೆ. ಕೊನೆಗೆ ಮಣಿದರು: ಡಾಕ್ಟರ ಸಹಿ ಇದ್ದರೆ, ಮೂರು ಗಂಟೆಗೊಮ್ಮೆ ತಮ್ಮನನ್ನು ಮುಂದೆ ಬಿಡುತ್ತೇವೆ.

ಫಾರಂ ಹಿಡಿದು ಅವಳೇ ಅವರ ಮನೆಗೆ ಹೋದಳು.

ಎರಡನೆಯ ಮಹಡಿ. ಹಲಗೆಯ ಮಂಚ. ಮಲಗಿದಲ್ಲಿಂದಲೇ ಅಕ್ಕ ಅಂದಳು: "ಬಾಮ್ಮ. ಎದ್ದು ಮರ್ಯಾದೆ ಕೊಡ್ಲಿಲ್ಲ ಅಂತ ಬೇಜಾರಾಗ್ಬೇಡ."

"ಅಕ್ಕ, ನನ್ನಿಂದ ನಿಮ್ಮ..."

"ಗೊತ್ತು. ಎಲ್ಲಾ ಹೇಳಿದಾನೆ. ಮೈಲಿ ಹೋಗಿದ್ದಕ್ಕಾದ್ರೆ ನಾಲ್ಕು ಬೈದು ಉಂಡು ಮಲಗ್ತಿದ್ದ. ಇವನು ಬೈಯ್ತಾನೂ ಇಲ್ಲ, ಉಣ್ತಾನೂ ಇಲ್ಲ. ಅದು ಬೇರೆ ರೋಗ." ಅಕ್ಕ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿತ್ತು. "ಆದ್ರೆ ಒಂದು ಮಾತು. ನನ್ನ ಮಗಳು ಅಲ್ಲಿ ಒಬ್ಬಳೇ ಹೆತ್ರೆ, ನಿನ್ನ ಕ್ಷಮಿಸೋಕೆ ನಂಗೆ ಸ್ವಲ್ಪ ಟೈಮ್ ಬೇಕಾಗತ್ತೆ."

"ಸರಿ ಅಕ್ಕ," ಎಂದಳು.

ಬಾಗಿಲಲ್ಲಿ ಅವನು ನಿಂತಿದ್ದ. ಯಾವಾಗ ಬಂದನೋ.

"ಒಂದು ಸೀಟು ಇದೆ," ಅವಳು ಫಾರಂ ಚಾಚಿದಳು.

"ಇದೂ ಹುಸೀನಾ?"

"ಎರಡು ಸಲ ಫೋನ್ ಮಾಡಿದೀನಿ. ಈಗ ನಿಮ್ಮ ಎದುರಿಗೇ ಮೂರನೇ ಸಲ ಮಾಡ್ತೀನಿ."

ಸ್ಪೀಕರಿನಲ್ಲಿಟ್ಟು ಮಾಡಿದಳು. ಇದೆ ಎಂದರು. ಅವನು ಫಾರಂ ತೆಗೆದುಕೊಂಡ.

"ನಾನು ಹಿಂದೆ ಕೂರ್ತೀನಿ. ಅಭ್ಯಾಸ ಇದೆ," ಎಂದ. ಅವಳ ಕಡೆ ನೋಡಲಿಲ್ಲ.

ಅವರು ಹೋದರು. ಇಪ್ಪತ್ತೊಂದಕ್ಕೆ ತಲುಪಿದರು ಎಂದು ಪರದೆ ಹೇಳಿತು. ಅವನಿಂದ ಒಂದಕ್ಷರವಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಅವಳು ಹಾರಿ ಎತ್ತಿದಳು. ಬೇರೆಯವರ ಟಿಕೆಟ್ಟು, ಬೇರೆಯವರ ಹಾಸಿಗೆ.

ಇಪ್ಪತ್ತೆರಡು ದಿನ.

ಇಪ್ಪತ್ತಮೂರನೆಯ ದಿನ ಟೂಲ್ ಬ್ಯಾಗು ಅವಳ ಮೇಜಿನ ಮೇಲೆ ದೊಪ್ಪನೆ ಕೂತಿತು.

"ಮಗು ಎರಡು ದಿನ ಮುಂಚೆ ಹುಟ್ತು," ಎಂದ ಅವನು. "ನಾವು ಹೋಗೋ ಹೊತ್ತಿಗೆ ಹದಿನಾಲ್ಕು ಗಂಟೆ ಆಗಿತ್ತು. ನೇರ ವಿಮಾನ ಆಗಿದ್ರೆ..."

"ಹೆರಿಗೆ ಹೊತ್ತಿಗೆ ಅಲ್ಲಿರ್ತಿದ್ರಿ."

"ಇರ್ತಿದ್ವಿ."

ಮಾವ ಎದ್ದು ಒಳಗೆ ಹೋದ.

"ಅಕ್ಕ ಏನಂದ್ರು?"

"ಮೊದಲು ಅತ್ತಳು. ಮಗೂನ ಎದೆ ಮೇಲೆ ಮಲಗಿಸ್ಕೊಂಡ ಮೇಲೆ, 'ಟಿಕೆಟ್ ಮೇಡಂಗೆ ಹೇಳು, ಟೈಮ್ ತಗೊಂಡಾಯ್ತು' ಅಂದ್ಲು." ಅವನು ಬ್ಯಾಗಿನ ಜಿಪ್ಪು ಎಳೆದ. "ನಂಗೂ ಸ್ವಲ್ಪ ಬೇಕಿತ್ತು. ಮುಗೀತು."

ಅವಳ ಕಣ್ಣು ತುಂಬಿತು. ಅವನು ಬ್ಯಾಗಿನಿಂದ ಒಂದು ಅರ್ಜಿ ತೆಗೆದು ಅವಳ ಮುಂದೆ ತಳ್ಳಿದ. ಪಾಸ್‌ಪೋರ್ಟಿನ ಅರ್ಜಿ. ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು.

"ಅರವತ್ತು ಸಾವಿರ ಮೈಲಿ ಉಳಿದಿದೆಯಲ್ಲ, ಏನ್ ಸಿಗತ್ತೆ?"

"ಎರಡು ಸೀಟು... ಕೊನೇ ಸಾಲು."

"ಟಾಯ್ಲೆಟ್ ಪಕ್ಕ?"

"ಪಕ್ಕಾನೇ."

"ಬುಕ್ ಮಾಡಿ." ಅವನು ಮುಂದಕ್ಕೆ ಬಾಗಿದ. "ಜೊತೆಗೆ ಯಾರು ಅಂತ ಕೇಳಲ್ವಾ?"

ಅವಳು ಕಂಪ್ಯೂಟರಿನ ಚೀಟಿ ನೋಡಿದಳು. ಮೇಲಿನ ಸಾಲನ್ನು ಮೆಲ್ಲಗೆ ಹರಿದಳು. ಕೆಳಗಿನದನ್ನು ಬಿಟ್ಟಳು.

"ಜೊತೆಗೆ ಯಾರು?"

"ನೀನು."

"ಹುಸಿ ಅಲ್ಲ ತಾನೇ?"

"ಫೋನ್ ಮಾಡಿ ಕೇಳ್ಕೋ."

ಅವಳು ನಿಜಕ್ಕೂ ಮಾಡಿದಳು. ಎದುರಿಗೇ ಕೂತವನ ಜೇಬಿನಲ್ಲಿ ಫೋನು ಸದ್ದಾಯಿತು. ಅವನು ಎತ್ತಿ, "ಇದೆ," ಎಂದ.

ಅವಳು ಮಾಡದೇ ಬಿಟ್ಟ ಆ ಇನ್ನೊಂದು ಫೋನಿನಿಂದ ಹೋದದ್ದು ಇಷ್ಟು: ಎಂಬತ್ತು ಸಾವಿರ ಮೈಲಿ, ಒಂದು ಹಾಸಿಗೆ, ಒಂದು ಮಗುವಿನ ಮೊದಲ ಹದಿನಾಲ್ಕು ಗಂಟೆ.